ಯುದ್ಧದ ನಷ್ಟ ಯಾರ ಖಾತೆಗೆ?

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ನೇರ ದಾರಿ ಕೆಂಗೇರಿ, ಬಿಡದಿ, ಚನ್ನಪಟ್ಟಣ, ಮದ್ದೂರುಗಳನ್ನು ಹಾಯ್ದು ಹೋಗುತ್ತದೆ. ಇಂದು ಎರಡು ಗಂಟೆಯ ಪ್ರಯಾಣ. 1791ರ ಮೇ ತಿಂಗಳಲ್ಲಿ ಬೆಂಗಳೂರು ಕೋಟೆಯನ್ನು ಗೆದ್ದುಕೊಂಡಿದ್ದ ಲಾರ್ಡ್ ಕಾರ್ನ್‌ವಾಲಿಸನ ಕಣ್ಣೆದುರಿಗೂ ಇದೇ ದಾರಿಯಿತ್ತು. ಆದರೆ ಅವನು ಈ ದಾರಿ ಹಿಡಿಯಲಿಲ್ಲ. ಟಿಪ್ಪು ಸುಲ್ತಾನನ ಸವಾರರು ಈ ಹಾದಿಯುದ್ದಕ್ಕೂ ಮೇವು ಸುಟ್ಟು, ದವಸ ಸಾಗಿಸಿ, ಜನರನ್ನು ಖಾಲಿ ಮಾಡಿಸಿದ್ದರು. ಹಾಗಾಗಿ ಕಂಪನಿಯ ದಂಡು ದಕ್ಷಿಣಕ್ಕೆ ಹೊರಳಿ, ಕಾನಕಾನಹಳ್ಳಿಯ, ಅಂದರೆ ಈಗಿನ ಕನಕಪುರದ, ಕಾಡುದಾರಿಯನ್ನು ಹಿಡಿಯಿತು.

ಆ ಒಂದು ತಿರುವು ಸಾವಿರಾರು ಎತ್ತುಗಳ ಪ್ರಾಣ ತೆಗೆಯಿತು. ಎತ್ತುಗಳೆಂದರೆ ಬರೀ ಎತ್ತುಗಳಲ್ಲ. ಪ್ರತಿಯೊಂದು ಎತ್ತಿಗೂ ಒಬ್ಬ ಯಜಮಾನನಿದ್ದ, ಪ್ರತಿಯೊಂದು ಹೇರಿಗೂ ಯಾರೋ ಹೂಡಿದ ಹಣವಿತ್ತು. ಯುದ್ಧದಲ್ಲಿ ಗೆದ್ದವರಾರು, ಸೋತವರಾರು ಎಂಬುದನ್ನು ಶಾಲೆಯ ಪಠ್ಯಪುಸ್ತಕ ಹೇಳುತ್ತದೆ. ಸೈನ್ಯಕ್ಕೆ ಅಕ್ಕಿ, ಹುಲ್ಲು, ಎತ್ತು, ತುಪ್ಪ, ಬಟ್ಟೆ ಒದಗಿಸಿದ ಗುತ್ತಿಗೆದಾರನಿಗೆ ನಷ್ಟವಾದರೆ ಅದನ್ನು ತುಂಬಿಕೊಟ್ಟವರಾರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ಶ್ರೀರಂಗಪಟ್ಟಣದ ಬಯಲಿನಿಂದ ದೆಹಲಿಯ ಸುಪ್ರೀಂ ಕೋರ್ಟಿನವರೆಗೆ, ಅಲ್ಲಿಂದ ಕುವೈತಿನವರೆಗೆ ಹೋಗಬೇಕಾಗುತ್ತದೆ.

ಎತ್ತಿನ ಲೆಕ್ಕ, ಕಾಗದದ ಲೆಕ್ಕ

ಹದಿನೆಂಟನೆಯ ಶತಮಾನದ ಸೈನ್ಯ ನಡೆದಾಡುವ ಒಂದು ಪಟ್ಟಣದಂತಿತ್ತು. ಒಬ್ಬ ಸಿಪಾಯಿಯ ಹಿಂದೆ ಹಲವು ಮಂದಿ ಅನುಚರರು: ಅಡುಗೆಯವರು, ಹುಲ್ಲು ಕೊಯ್ಯುವವರು, ಕಮ್ಮಾರರು, ಅಂಗಡಿಯವರು, ಅವರ ಹೆಂಡತಿ ಮಕ್ಕಳು. ಇವರೆಲ್ಲರ ಹೊಟ್ಟೆಗೆ ಬೇಕಾದುದೂ ತೋಪು, ಗುಂಡು, ಮದ್ದೂ ಎತ್ತಿನ ಮೇಲೆಯೇ ಸಾಗಬೇಕಿತ್ತು. ಒಂದು ಭಾರಿ ತೋಪನ್ನು ಎಳೆಯಲು ಹತ್ತಾರು ಜೋಡಿ ಎತ್ತುಗಳನ್ನು ಹೂಡುತ್ತಿದ್ದರು.

ಕಂಪನಿ ಈ ಎತ್ತುಗಳಲ್ಲಿ ಬಹುಪಾಲನ್ನು ಗುತ್ತಿಗೆಗೆ ಪಡೆಯುತ್ತಿತ್ತು. ಗುತ್ತಿಗೆದಾರನು ಎಷ್ಟು ಎತ್ತು ಹಾಜರುಪಡಿಸುತ್ತಾನೋ ಅಷ್ಟಕ್ಕೆ ತಿಂಗಳ ಬಾಡಿಗೆ. ಈ ಪದ್ಧತಿಯ ದೋಷ ಮೇಲ್ನೋಟಕ್ಕೇ ಕಾಣುವಂಥದು. ಹಣ ಸಿಗುವುದು ತಲೆಯೆಣಿಕೆಗೆ, ಎತ್ತಿನ ಕಸುವಿಗಲ್ಲ. ಆದ್ದರಿಂದ ಬಡಕಲು ಎತ್ತೂ ಎಣಿಕೆಗೆ ಬರುತ್ತಿತ್ತು, ಕೆಲವೊಮ್ಮೆ ಇಲ್ಲದ ಎತ್ತೂ ಕಾಗದದ ಮೇಲೆ ಬದುಕಿರುತ್ತಿತ್ತು. ನಮ್ಮ ಕಾಲದ ನಕಲಿ ಬಿಲ್ಲುಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಾರದು.

ಇದಲ್ಲದೆ ಶಿಬಿರದ ಬಜಾರಿನ ವರ್ತಕರಿದ್ದರು. ಸೈನ್ಯದೊಡನೆ ತಾವೂ ನಡೆದು, ದಿನವೂ ಅಂಗಡಿ ಹಾಕಿ, ಸಿಪಾಯಿಗಳಿಗೆ ದವಸ ಮಾರುವುದು ಇವರ ವೃತ್ತಿ. ಮೂರನೆಯವರೇ ಬಂಜಾರರು. ಕರ್ನಾಟಕದಲ್ಲಿ ಇವರನ್ನು ಲಂಬಾಣಿಗಳು, ಸುಗಾಲಿಗಳು ಎಂದೂ ಕರೆಯುತ್ತಾರೆ.

ಕಾರ್ನ್‌ವಾಲಿಸನ ದಂಡು ಮೇ 13ರ ಹೊತ್ತಿಗೆ ಕಾವೇರಿಯ ದಡದ ಅರಕೆರೆಯನ್ನು ಮುಟ್ಟಿತು. 15ರಂದು ನಡೆದ ಕದನದಲ್ಲಿ ಮೇಲುಗೈಯೂ ಆಯಿತು. ಆದರೆ ಗೆದ್ದ ಸೈನ್ಯದಲ್ಲಿ ತಿನ್ನಲು ಅನ್ನವಿರಲಿಲ್ಲ. ಎತ್ತುಗಳಿಗೆ ಮೇವಿಲ್ಲ, ಮೇಲಿಂದ ಮಳೆ, ಜೊತೆಗೆ ಜಾನುವಾರು ರೋಗ. ಸತ್ತ ಎತ್ತುಗಳ ಮಾಂಸವನ್ನೇ ಶಿಬಿರದ ಬಡ ಅನುಚರರು ತಿನ್ನಬೇಕಾಯಿತು. ಎಳೆಯುವ ಎತ್ತುಗಳೇ ಇಲ್ಲವೆಂದ ಮೇಲೆ ತೋಪುಗಳನ್ನು ಇಟ್ಟುಕೊಂಡು ಮಾಡುವುದೇನು? ಬೆಂಗಳೂರು ಕೋಟೆಯನ್ನು ಒಡೆದ ಆ ಮುತ್ತಿಗೆ ತೋಪುಗಳನ್ನು ಮೇ 22ರಂದು ಕಾರ್ನ್‌ವಾಲಿಸನೇ ನಾಶ ಮಾಡಿಸಿದ. ಶ್ರೀರಂಗಪಟ್ಟಣ ಕಣ್ಣಿಗೆ ಕಾಣುತ್ತಿದ್ದಂತೆಯೇ ಹಿಂದಿರುಗಿದ.

ಹಿಂದಿರುಗುವ ದಾರಿಯಲ್ಲಿ, ಮೇ 26ರಂದು, ಹರಿಪಂತ ಫಡ್ಕೆ ಮತ್ತು ಪರಶುರಾಮ ಭಾವು ಅವರ ಮರಾಠ ಸೈನ್ಯ ಎದುರಾಯಿತು. ಮರಾಠರು ಕಂಪನಿಯ ಮಿತ್ರರು. ಅವರು ಬರುತ್ತಿರುವ ಸುದ್ದಿ ಕಾರ್ನ್‌ವಾಲಿಸನಿಗೆ ತಲುಪದಂತೆ ಟಿಪ್ಪುವಿನ ಸವಾರರು ತಡೆದಿದ್ದರು. ನಾಲ್ಕು ದಿನ ಮೊದಲೇ ಗೊತ್ತಾಗಿದ್ದರೆ ತೋಪುಗಳು ಉಳಿಯುತ್ತಿದ್ದವು.

ಮರಾಠರ ಶಿಬಿರದಲ್ಲಿ ದವಸವಿತ್ತು, ಬೇಕಾದಷ್ಟಿತ್ತು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಆ ಬಜಾರನ್ನು ಬಲು ಬೆರಗಿನಿಂದ ವರ್ಣಿಸಿದ್ದಾನೆ. ಇಂಗ್ಲೆಂಡಿನ ಉಣ್ಣೆ ಬಟ್ಟೆ, ಬರ್ಮಿಂಗ್‌ಹ್ಯಾಮಿನ ಚಾಕು, ಕಾಶ್ಮೀರದ ಶಾಲು, ವಜ್ರ ಎಲ್ಲವೂ ಅಲ್ಲಿ ಮಾರಾಟಕ್ಕಿದ್ದವು. ಅದೇ ಸಾಲಿನಲ್ಲಿ, ಲೂಟಿಗೆ ಸಿಕ್ಕಿದ ಹಳ್ಳಿಯ ಬಡ ಹುಡುಗಿಯೊಬ್ಬಳ ಬೆಳ್ಳಿಯ ಕಿವಿಯೋಲೆಯೂ ಇತ್ತೆಂದು ಆತ ಬರೆಯುತ್ತಾನೆ. ಹಸಿದ ಕಂಪನಿ ಸೈನ್ಯ ಆ ಬಜಾರಿನಲ್ಲಿ ಕೇಳಿದಷ್ಟು ಬೆಲೆ ಕೊಟ್ಟು ದವಸ ಕೊಂಡಿತು. ಯುದ್ಧದಲ್ಲಿ ಎಲ್ಲ ವರ್ತಕರೂ ನಷ್ಟಪಡುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಅಷ್ಟೇ ಅಲ್ಲ, ಮರಾಠ ನಾಯಕರು ತಮಗೆ ಹಣವಿಲ್ಲವೆಂದು ಸಾಲವನ್ನೂ ಕೇಳಿದರು. ಚೀನಾ ವ್ಯಾಪಾರಕ್ಕೆಂದು ಹಡಗುಗಳಲ್ಲಿ ಮದರಾಸಿಗೆ ಬಂದಿದ್ದ ಬೆಳ್ಳಿಯನ್ನು ತಡೆದು, 12 ಲಕ್ಷ ರೂಪಾಯಿಗಳನ್ನು ಕಾರ್ನ್‌ವಾಲಿಸ್ ಅವರಿಗೆ ಕೊಡಬೇಕಾಯಿತು.

ತಾಂಡಾಗಳ ಪಾಲು

ಜುಲೈನಲ್ಲಿ ಬೆಂಗಳೂರಿಗೆ ಮರಳಿದ ಮೇಲೆ ಕಾರ್ನ್‌ವಾಲಿಸ್ ಪಾಠ ಕಲಿತಿದ್ದ. ನಂದಿದುರ್ಗ ಅಕ್ಟೋಬರಿನಲ್ಲಿ, ಮಾಗಡಿ ಸೀಮೆಯ ಸಾವನದುರ್ಗ ಡಿಸೆಂಬರ್ 21ರಂದು, ಹುತ್ರಿದುರ್ಗ ಅದಾದ ಮೂರೇ ದಿನಗಳಲ್ಲಿ ಬಿದ್ದವು. ಈ ಬೆಟ್ಟಗಳನ್ನು ಹಿಡಿದ ಉದ್ದೇಶ ಬರೀ ಕೋಟೆಗಳಲ್ಲ. ದವಸದ ಹೇರುಗಳು ಬೆಂಗಳೂರಿನಿಂದ ಪಶ್ಚಿಮಕ್ಕೆ ಸಾಗುವಾಗ ಹಿಂದಿನಿಂದ ಹೊಡೆತ ಬೀಳಬಾರದೆಂಬುದೇ ಮುಖ್ಯ ಕಾರಣ. ಇಂದು ಮಾಗಡಿ ರಸ್ತೆಯಲ್ಲಿ ಭಾನುವಾರ ಬೈಕು ಹತ್ತಿ ಸಾವನದುರ್ಗಕ್ಕೆ ಹೋಗುವ ಹುಡುಗರು ತುಳಿಯುವುದು ಆ ಸರಬರಾಜು ದಾರಿಯ ಸೀಮೆಯನ್ನೇ.

ದವಸ ತರುವ ಹೊಣೆಯನ್ನು ಈ ಸಲ ಹೆಚ್ಚಾಗಿ ಹೊತ್ತವರು ಬಂಜಾರರು. ಅವರನ್ನು ಉತ್ತೇಜಿಸಿ ಕರೆತರುವ ಕೆಲಸದಲ್ಲಿ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಪಳಗಿದ್ದ. ಮುಂದೆ ಬಾರಾಮಹಲಿನ ಆಡಳಿತಗಾರನಾಗಿ, ಥಾಮಸ್ ಮನ್ರೋನ ಮೇಲಧಿಕಾರಿಯಾಗಿ ಹೆಸರಾದವನು ಇವನೇ.

ಬಂಜಾರರು ಕಟ್ಟುನಿಟ್ಟಾದ ಅರ್ಥದಲ್ಲಿ ಗುತ್ತಿಗೆದಾರರಲ್ಲ. ಎತ್ತುಗಳು ಅವರವೇ, ದವಸವೂ ಅವರದೇ. ನಾಯಕನ ಹಿಂದೆ ಇಡೀ ತಾಂಡಾ, ಹೆಂಗಸರು ಮಕ್ಕಳ ಸಮೇತ, ಸಾವಿರಾರು ಎತ್ತುಗಳನ್ನು ಹೊಡೆದುಕೊಂಡು ನಡೆಯುತ್ತಿತ್ತು. ಕಡಿಮೆ ಬೆಲೆಯಿರುವಲ್ಲಿ ಕೊಂಡು, ಹೆಚ್ಚು ಬೆಲೆಯಿರುವಲ್ಲಿ ಮಾರುವುದು. ಸೈನ್ಯವಿರುವಲ್ಲಿ ಬೆಲೆ ಸದಾ ಹೆಚ್ಚು. ಎರಡೂ ಪಕ್ಷಗಳಿಗೆ ಅವರು ಬೇಕಾಗಿದ್ದರಿಂದ ಅವರನ್ನು ಯಾರೂ ಮುಟ್ಟಬಾರದೆಂಬುದು ಬಹುಕಾಲದ ರೂಢಿ. ಮೊಗಲರ ದಖನ್ ದಂಡಯಾತ್ರೆಯಲ್ಲಿ ಭಂಗಿ, ಝಂಗಿ ಎಂಬ ನಾಯಕರಿಗೆ ಆಸಫ್ ಖಾನನು ಚಿನ್ನದ ಅಕ್ಷರಗಳ ತಾಮ್ರಪತ್ರ ಬರೆಸಿಕೊಟ್ಟು, ದಾರಿಯಲ್ಲಿ ಸಿಕ್ಕ ನೀರನ್ನೂ ಸೂರಿನ ಹುಲ್ಲನ್ನೂ ತೆಗೆದುಕೊಳ್ಳಲು ಅಪ್ಪಣೆ ಇತ್ತನೆಂಬ ಐತಿಹ್ಯ ಅವರಲ್ಲಿ ಪ್ರಚಲಿತವಾಗಿದೆ. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಅದರೊಳಗಿನ ಲೆಕ್ಕಾಚಾರ ನಿಚ್ಚಳವಾಗಿದೆ. ರಾಜನು ನಷ್ಟ ಕಟ್ಟಿಕೊಡುವುದಿಲ್ಲ. ಅದರ ಬದಲು ದಾರಿಯ ಹಕ್ಕು ಕೊಡುತ್ತಾನೆ. ನೀರು ಮತ್ತು ಹುಲ್ಲಿನ ಬೆಲೆ ತೆತ್ತವನು ದಾರಿಬದಿಯ ರೈತ.

ಕಂಪನಿ ಬಂದ ಮೇಲೆ ಈ ಲೆಕ್ಕ ಬದಲಾಗತೊಡಗಿತು. 1799ರಲ್ಲಿ ಟಿಪ್ಪು ಮಡಿದ ಬಳಿಕ ಮೈಸೂರಿನಲ್ಲಿ ಸೇನಾಧಿಪತ್ಯ ವಹಿಸಿದ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್ಲೂ ಗೆದ್ದ ವೆಲಿಂಗ್ಟನ್, ತನ್ನ ದಖನ್ ದಂಡಯಾತ್ರೆಗಳ ಕಾಲದ ಪತ್ರವೊಂದರಲ್ಲಿ ಬಂಜಾರರ ಬಗ್ಗೆ ತನ್ನ ನಿಲುವನ್ನು ಸ್ಪಷ್ಟಪಡಿಸಿದ್ದಾನೆ. ಅವರು ಸಾರ್ವಜನಿಕ ಸೇವಕರಿದ್ದಂತೆ, ಅವರ ದವಸದ ಮಾರಾಟವನ್ನು ನಿಯಂತ್ರಿಸುವ ಅಧಿಕಾರ ತನಗುಂಟು, ಆದರೆ ಅವರಿಗೆ ತಕ್ಕ ಲಾಭ ಉಳಿಯುವಂತೆ ನೋಡಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಬೆಲೆಯನ್ನು ಕಟ್ಟುವವನು ನಷ್ಟದಲ್ಲೂ ಪಾಲು ಹೊರಬೇಕೆಂಬ ಸೂಕ್ಷ್ಮ ಅಲ್ಲಿದೆ. ಆದರೂ ಅದು ಸೇನಾಪತಿಯೊಬ್ಬನ ಔದಾರ್ಯವೇ ಹೊರತು ಬಂಜಾರನು ಕೇಳಿ ಪಡೆಯಬಹುದಾದ ಹಕ್ಕಲ್ಲ.

1792ರ ಮಾರ್ಚಿನಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದವನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿ ಯುದ್ಧವೆಚ್ಚ ಕೊಡಲು ಒಪ್ಪಿದ. ಅದು ತೀರುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಆ ಮಕ್ಕಳು ಹಿಂತಿರುಗಿದ್ದು 1794ರಲ್ಲಿ. ಈ ಹಣ ಕಂಪನಿ, ನಿಜಾಮ, ಪೇಶ್ವೆ ಮೂವರ ಖಜಾನೆಗೆ ಹೋಯಿತು. ಹಣ ತೆತ್ತದ್ದು ಮೈಸೂರಿನ ರೈತ. ಕಾನಕಾನಹಳ್ಳಿಯ ಕಾಡಿನಲ್ಲಿ ಎತ್ತು ಕಳೆದುಕೊಂಡವನ ಹೆಸರು ಒಪ್ಪಂದದಲ್ಲಿ ಎಲ್ಲಿಯೂ ಇಲ್ಲ. ಯುದ್ಧಪರಿಹಾರವೆಂಬುದು ದೊರೆಯಿಂದ ದೊರೆಗೆ ಸಲ್ಲುವ ಹಣ. ಅದು ಕೆಳಕ್ಕೆ ಇಳಿಯಬೇಕೆಂಬ ನಿಯಮವಿರಲಿಲ್ಲ.

ಗುತ್ತಿಗೆಯ ಎತ್ತುಗಳನ್ನು ನೆಚ್ಚಿ ಕೆಟ್ಟ ಕಂಪನಿ ಕೊನೆಗೆ ಕಂಡುಕೊಂಡ ದಾರಿ ಬೇರೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ‘ಅಮೃತ ಮಹಲ್’ ಎಂದು ಕರೆದು ಬೆಳೆಸಿದ್ದ. ತೋಪು ಎಳೆದುಕೊಂಡು ಓಡುವಷ್ಟು ಚುರುಕಾದ ಆ ಎತ್ತುಗಳನ್ನು ವೆಲ್ಲೆಸ್ಲಿ ಬಹುವಾಗಿ ಮೆಚ್ಚಿದ್ದ. ಮೈಸೂರು ಸರ್ಕಾರದ ಸುಪರ್ದಿನಲ್ಲಿ ತಳಿ ಕ್ಷೀಣಿಸಿತೆಂದು 1813ರಲ್ಲಿ ಕಂಪನಿಯೇ ಅದನ್ನು ವಹಿಸಿಕೊಂಡಿತು. 1860ರಲ್ಲಿ ಖರ್ಚಿನ ನೆಪದಲ್ಲಿ ಮಾರಿ, 1866ರಲ್ಲಿ ಮತ್ತೆ ಕಟ್ಟಿದ್ದು ಆಡಳಿತದ ವಿಚಿತ್ರಗಳಲ್ಲೊಂದು.

ಬಂಜಾರರ ಪಾಲಿಗೆ ಉಳಿದದ್ದೇನು? ರಸ್ತೆಗಳಾದವು, 1880ರ ದಶಕದ ಆರಂಭದಲ್ಲಿ ಕೆಂಗೇರಿಯ ಮೇಲೆ ಬೆಂಗಳೂರು-ಮೈಸೂರು ರೈಲೂ ಓಡಿತು. ಹೇರಿನ ಎತ್ತಿಗೆ ಕೆಲಸವಿಲ್ಲವಾಯಿತು. ನಾಲ್ಕು ತಲೆಮಾರುಗಳ ಕಾಲ ಸೈನ್ಯಗಳಿಗೆ ಅನ್ನ ಹೊತ್ತ ಜನರ ಹಲವು ಗುಂಪುಗಳನ್ನು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಸರ್ಕಾರ ಗುಮಾನಿಯಿಂದ ನೋಡಿತು. ಒಂದು ಉದ್ಯೋಗವೇ ಮುಳುಗಿಹೋದದ್ದಕ್ಕೆ ಪರಿಹಾರದ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಗಂಧ ಮತ್ತು ವಿಮಾನ

ಯುದ್ಧದ ಹೊಡೆತ ಸರ್ಕಾರದ ವ್ಯಾಪಾರಕ್ಕೇ ಬಿದ್ದರೆ ಪರಿಹಾರ ಕೊಡುವವರಾರು? 1914ರಲ್ಲಿ ಮೈಸೂರು ಸಂಸ್ಥಾನಕ್ಕೆ ಇದೇ ಗತಿ ಬಂತು. ಮೈಸೂರಿನ ಶ್ರೀಗಂಧದ ದೊಡ್ಡ ಗಿರಾಕಿ ಜರ್ಮನಿ. ಯುದ್ಧ ಶುರುವಾದೊಡನೆ ಜರ್ಮನ್ ಖರೀದಿದಾರರು ಮಾಯವಾಗಿ ಗಂಧದ ಹರಾಜು ಬಿದ್ದುಹೋಯಿತು. ಯಾರ ಮೇಲೂ ದಾವೆ ಹೂಡುವಂತಿರಲಿಲ್ಲ. ದಿವಾನ್ ವಿಶ್ವೇಶ್ವರಯ್ಯನವರ ಸರ್ಕಾರ ಆಲ್ಫ್ರೆಡ್ ಚಾಟರ್ಟನ್ ಅವರ ನೇತೃತ್ವದಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ ಮತ್ತು ವಾಟ್ಸನ್ ನಡೆಸಿದ ಪ್ರಯೋಗಗಳನ್ನು ನೆಚ್ಚಿ, 1916ರಲ್ಲಿ ಬೆಂಗಳೂರಿನಲ್ಲಿ ತಾನೇ ಗಂಧದೆಣ್ಣೆ ಬಟ್ಟಿಯಿಳಿಸಿತು. ಎಣ್ಣೆಯಿಂದ ಸಾಬೂನು ಬಂತು. ಆ ಸಾಬೂನು ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಇಂಡಸ್ಟ್ರಿಯಲ್ ಸಬರ್ಬಿಗೆ ಬಂದು ನೆಲೆಸಿತು. ಅಲ್ಲಿನ ಮೆಟ್ರೋ ನಿಲ್ದಾಣಕ್ಕೂ ಅದರದೇ ಹೆಸರು.

ಎರಡನೆಯ ಮಹಾಯುದ್ಧ ಬರುವ ಹೊತ್ತಿಗೆ ಸರ್ಕಾರದ ಕೈ ಉದ್ದವಾಗಿತ್ತು. ಬೇಕಾದುದನ್ನು ಕೊಳ್ಳುವುದಲ್ಲ, ಎತ್ತಿಕೊಳ್ಳುವುದೇ ಸಾಧ್ಯವಾಯಿತು. 1939ರ ಭಾರತ ರಕ್ಷಣಾ ಕಾಯಿದೆಯಡಿ ಜಮೀನು, ಕಟ್ಟಡ, ವಾಹನಗಳನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಸಿಕ್ಕಿತು. ಸ್ಥಿರಾಸ್ತಿಗೆ ಪರಿಹಾರವನ್ನು ಒಪ್ಪಂದದಿಂದ, ಆಗದಿದ್ದರೆ ಮಧ್ಯಸ್ಥಗಾರನಿಂದ ನಿಗದಿ ಮಾಡಬೇಕೆಂದು ಕಾಯಿದೆಯೇ ಹೇಳಿತು. ಇದು ದೊಡ್ಡ ಬದಲಾವಣೆ. ಪರಿಹಾರ ದೊರೆಯ ದಯೆಯಲ್ಲ, ಕಲಂ ಸಂಖ್ಯೆಯಿರುವ ಹಕ್ಕು ಎಂದಾಯಿತು. ಬಾಂಬು ಬಿದ್ದು ಮಾಲು ನಾಶವಾದರೆ? ಬ್ರಿಟಿಷ್ ಇಂಡಿಯಾದಲ್ಲಿ 1940ರಲ್ಲಿ ಸರಕಿಗೆ, 1942ರಲ್ಲಿ ಕಾರ್ಖಾನೆಗಳಿಗೆ ಯುದ್ಧ ವಿಮೆಯ ಸುಗ್ರೀವಾಜ್ಞೆಗಳು ಬಂದವು. ಅಂದರೆ ನಷ್ಟ ಭರ್ತಿ ಮಾಡುವ ನಿಧಿಗೆ ವರ್ತಕನೇ ಮೊದಲು ಕಂತು ಕಟ್ಟಬೇಕು. ಸರ್ಕಾರದ ಜಾಣತನ ಇಲ್ಲಿ ಮೆಚ್ಚತಕ್ಕದ್ದು.

ಬೆಂಗಳೂರಿನಲ್ಲಿ ಇದರ ದೊಡ್ಡ ಉದಾಹರಣೆ ವಿಮಾನ ಕಾರ್ಖಾನೆ. ವಾಲ್‌ಚಂದ್ ಹೀರಾಚಂದ್ ಎಂಬ ಸಾಹಸಿ ಉದ್ಯಮಿ, ಅಮೆರಿಕದ ವಿಲಿಯಂ ಪಾಲಿಯ ನೆರವಿನಿಂದ ಭಾರತದಲ್ಲಿ ವಿಮಾನ ಕಟ್ಟುವ ಕನಸು ಕಂಡರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಜಮೀನು ಕೊಟ್ಟು, 25 ಲಕ್ಷ ರೂಪಾಯಿ ಬಂಡವಾಳವನ್ನೂ ಹೂಡಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಬೆಂಗಳೂರಿನಲ್ಲಿ ನೋಂದಣಿಯಾಯಿತು. 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಅದೇ ವರ್ಷ ಮೊದಲ ಹಾರ್ಲೊ ವಿಮಾನ ಹಾರಿತು.

ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿಯಿತು. ಸಿಂಗಪುರ ಬಿತ್ತು, ರಂಗೂನ್ ಬಿತ್ತು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದವು. ಇಂಥ ಹೊತ್ತಿನಲ್ಲಿ ಯುದ್ಧಕ್ಕೆ ಬೇಕಾದ ಕಾರ್ಖಾನೆ ಖಾಸಗಿಯವರ ಕೈಯಲ್ಲಿರಬಾರದೆಂದು ಭಾರತ ಸರ್ಕಾರ ಭಾವಿಸಿತು. ಅದೇ ವರ್ಷ ವಾಲ್‌ಚಂದ್ ಮತ್ತು ಜೊತೆಗಾರರ ಪಾಲನ್ನು ಕೊಂಡುಕೊಂಡು ಕಾರ್ಖಾನೆಯನ್ನು ವಹಿಸಿಕೊಂಡಿತು. ಮೈಸೂರು ಸರ್ಕಾರ ಮಾತ್ರ ತನ್ನ ಪಾಲನ್ನು ಮಾರಲು ಒಪ್ಪಲಿಲ್ಲ. ಯುದ್ಧ ಮುಗಿಯುವವರೆಗೆ ಆಡಳಿತದಲ್ಲಿ ಕೈಹಾಕುವುದಿಲ್ಲವೆಂದು ಹೇಳಿ ಪಾಲನ್ನು ಉಳಿಸಿಕೊಂಡಿತು. ವಾಲ್‌ಚಂದರಿಗೆ ಹಣ ಸಿಕ್ಕಿತು, ಕಾರ್ಖಾನೆ ಕೈತಪ್ಪಿತು. ಮೈಸೂರಿಗೆ ಹಣವೂ ಬರಲಿಲ್ಲ, ಅಧಿಕಾರವೂ ಇರಲಿಲ್ಲ, ಆದರೆ ಪಾಲು ಉಳಿಯಿತು. ಬೆಂಗಳೂರಿನ ಎಚ್.ಎ.ಎಲ್.ನ ಮುಂದಿನ ಚರಿತ್ರೆಯನ್ನು ನೋಡಿದರೆ ಸಂಸ್ಥಾನದ ಹಟ ಸರಿಯಾಗಿಯೇ ಇತ್ತೆನ್ನಬೇಕು.

ತುಪ್ಪದ ಮೊಕದ್ದಮೆ

ವಾಲ್‌ಚಂದರಂತಹ ದೊಡ್ಡವರ ಮಾತಾಯಿತು. ಸಾಮಾನ್ಯ ಗುತ್ತಿಗೆದಾರನ ನಷ್ಟದ ಪ್ರಶ್ನೆ ಸ್ವತಂತ್ರ ಭಾರತದ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ತುಪ್ಪದ ರೂಪದಲ್ಲಿ.

ಆಲೋಪಿ ಪ್ರಸಾದ್ ಅಂಡ್ ಸನ್ಸ್ ಎಂಬ ಸಂಸ್ಥೆ 1937ರಲ್ಲಿ, ಅಂದರೆ ಶಾಂತಿಕಾಲದಲ್ಲಿ, ಸೈನ್ಯಕ್ಕೆ ತುಪ್ಪ ಖರೀದಿಸಿಕೊಡುವ ಏಜೆಂಟಾಗಿ ಸರ್ಕಾರದೊಡನೆ ಕರಾರು ಮಾಡಿಕೊಂಡಿತು. ತುಪ್ಪದ ಬೆಲೆಯನ್ನು ಸರ್ಕಾರವೇ ಭರಿಸುವುದು. ಸಿಬ್ಬಂದಿ ವೆಚ್ಚ, ಮಂಡಿ ಖರ್ಚು, ಏಜೆಂಟನ ಪ್ರತಿಫಲ ಇವುಗಳಿಗೆ ನಿಗದಿಯಾದ ದರ. ಎರಡು ವರ್ಷದಲ್ಲಿ ಯುದ್ಧ ಬಂತು. ಸೈನ್ಯ ಹಲವು ಪಟ್ಟು ಬೆಳೆಯಿತು, ತುಪ್ಪದ ಬೇಡಿಕೆಯೂ ಬೆಳೆಯಿತು. 1942ರಲ್ಲಿ ಇಬ್ಬರೂ ಒಪ್ಪಿ ದರಗಳನ್ನು ಪರಿಷ್ಕರಿಸಿದರು. ಆದರೆ ಕೂಲಿ, ಸಂಬಳ, ಮಂಡಿ ಖರ್ಚು ಎಲ್ಲವೂ ಏರುತ್ತ ಹೋದವು. ದರ ಹೆಚ್ಚಿಸಬೇಕೆಂದು ಏಜೆಂಟರು 1943ರಲ್ಲಿ ಕೇಳಿದರು. ಸರ್ಕಾರ ಮಾತು ಕೊಡಲಿಲ್ಲ. ಏಜೆಂಟರು ಸರಬರಾಜು ನಿಲ್ಲಿಸಲಿಲ್ಲ. 1945ರಲ್ಲಿ ಕರಾರು ಕೊನೆಗೊಂಡಿತು. ಉಳಿದದ್ದು ವ್ಯಾಜ್ಯ.

ಮಧ್ಯಸ್ಥಗಾರರು ಏಜೆಂಟರ ಪರವಾಗಿ ಲಕ್ಷಗಟ್ಟಲೆ ರೂಪಾಯಿಯ ತೀರ್ಮಾನ ಕೊಟ್ಟರು. ಯುದ್ಧದಿಂದ ಪರಿಸ್ಥಿತಿ ಸಂಪೂರ್ಣ ಬದಲಾದಾಗ ಹಳೆಯ ದರವನ್ನೇ ಹಿಡಿದು ಕೂರುವುದು ನ್ಯಾಯವಲ್ಲವೆಂಬುದು ಅವರ ವಾದ. ಓದುಗರಲ್ಲಿ ಬಹುಮಂದಿಗೂ ಇದೇ ಸರಿಯೆನಿಸೀತು. 1960ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಜೆ.ಸಿ. ಶಾ ಬರೆದ ತೀರ್ಪಿನ ಸಾರ ಇಷ್ಟು: ನಿರೀಕ್ಷಿಸದ ಏರುಪೇರಿನಿಂದ ಕರಾರು ಹೊರೆಯಾಯಿತೆಂದ ಮಾತ್ರಕ್ಕೆ ಅದು ಬಿದ್ದುಹೋಗುವುದಿಲ್ಲ. ದರವನ್ನು ಕರಾರಿನಲ್ಲೇ ಬರೆದಿರುವಾಗ ಅದನ್ನು ಮೀರಿ ‘ನ್ಯಾಯವಾದ’ ದರ ಕೊಡಿಸಲು ಮಧ್ಯಸ್ಥಗಾರರಿಗೂ ಅಧಿಕಾರವಿಲ್ಲ. ಇಂದಿಗೂ ಗುತ್ತಿಗೆ ವ್ಯಾಜ್ಯಗಳಲ್ಲಿ ವಕೀಲರು ಈ ತೀರ್ಪನ್ನು ಎತ್ತಿ ಓದುತ್ತಾರೆ.

ಇದರ ಬೇರು 1872ರ ಕರಾರು ಕಾಯಿದೆಯ 56ನೇ ಕಲಮಿನಲ್ಲಿದೆ. ಮಾಡಬೇಕಾದ ಕೆಲಸ ಅಸಾಧ್ಯವಾದರೆ ಕರಾರು ಅನೂರ್ಜಿತ. ಅದಕ್ಕೆ ಕಾಯಿದೆಯೇ ಕೊಡುವ ಉದಾಹರಣೆಗಳಲ್ಲಿ ಒಂದು ಯುದ್ಧದ್ದು: ಪರದೇಶದ ಬಂದರಿನಲ್ಲಿ ಸರಕು ತುಂಬಿಸಲು ಒಬ್ಬನು ಒಪ್ಪಿದ ಮೇಲೆ ಅವನ ಸರ್ಕಾರ ಆ ದೇಶದ ಮೇಲೆ ಯುದ್ಧ ಸಾರಿದರೆ ಕರಾರು ಅಲ್ಲಿಗೇ ಮುಗಿಯುತ್ತದೆ. ಆದರೆ ‘ಅಸಾಧ್ಯ’ ಬೇರೆ, ‘ದುಬಾರಿ’ ಬೇರೆ. ತುಪ್ಪ ಸಿಗುತ್ತಲೇ ಇತ್ತು, ಖರ್ಚು ಜಾಸ್ತಿಯಾಗಿತ್ತು, ಅಷ್ಟೆ.

ನ್ಯಾಯಾಲಯ ಈ ಭೇದವನ್ನು ಯಾವಾಗಲೂ ಬಲಾಢ್ಯರ ಪರವಾಗಿಯೇ ಬಳಸಿತೆಂದು ತಿಳಿಯಬೇಕಾಗಿಲ್ಲ. 1953ರ ನವೆಂಬರಿನಲ್ಲಿ ತೀರ್ಮಾನವಾದ ಮುಗ್ನೀರಾಂ ಬಾಂಗೂರ್ ಕಂಪನಿಯ ಮೊಕದ್ದಮೆ, ಬಿ.ಡಿ.ಎ. ಸೈಟು, ಸೊಸೈಟಿ ಸೈಟು ಎಂದು ಓಡಾಡಿದ ಬಸವೇಶ್ವರನಗರ, ವಿಜಯನಗರದ ಜನರಿಗೆ ಹತ್ತಿರದ್ದು. ಕಲ್ಕತ್ತೆಯ ಧಾಕುರಿಯಾ ಕೆರೆಯ ಬಳಿ ಬಡಾವಣೆ ಮಾಡುತ್ತೇವೆಂದು ಕಂಪನಿ 1940ರಲ್ಲಿ 101 ರೂಪಾಯಿ ಮುಂಗಡ ಪಡೆದು ಒಬ್ಬರಿಗೆ ನಿವೇಶನ ಬರೆದುಕೊಟ್ಟಿತ್ತು. ಮರುವರ್ಷ ಆ ಜಮೀನಿನ ಬಹುಭಾಗವನ್ನು ಸೈನ್ಯಕ್ಕೆಂದು ಸರ್ಕಾರ ವಶಪಡಿಸಿಕೊಂಡಿತು. ಯುದ್ಧ ಬಂದಿದೆ, ಕರಾರು ಮುಗಿಯಿತು, ಮುಂಗಡ ವಾಪಸ್ ತೆಗೆದುಕೊಳ್ಳಿ ಎಂದಿತು ಕಂಪನಿ. ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ ಒಪ್ಪಲಿಲ್ಲ. ಕರಾರು ಆದದ್ದೇ ಯುದ್ಧ ನಡೆಯುತ್ತಿದ್ದಾಗ, ವಶಪಡಿಸಿಕೊಂಡದ್ದು ತಾತ್ಕಾಲಿಕ, ಕೆಲಸ ಮುಗಿಸಲು ಗಡುವೂ ಇರಲಿಲ್ಲ. ಹೀಗಿರುವಾಗ ಯುದ್ಧವನ್ನು ನೆಪ ಮಾಡಿಕೊಂಡು ಜಾರಿಕೊಳ್ಳುವಂತಿಲ್ಲ. ಅದೇ ನಿಯಮ ಇಲ್ಲಿ ಕೊಂಡವನನ್ನು ಕಾಪಾಡಿತು, ತುಪ್ಪದ ಏಜೆಂಟನನ್ನು ಮುಳುಗಿಸಿತು.

ಮೇ 2ರ ಗೆರೆ

ಕರ್ನಾಟಕದ ಕರಾವಳಿಗೆ ಕುವೈತ್ ಹೊಸ ಊರಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಮಂಗಳೂರು, ಉಡುಪಿ ಕಡೆಯ ಮನೆಮನೆಯಲ್ಲೂ ದಿಗಿಲು. 1 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನಗಳಲ್ಲಿ ಕರೆತರಲಾಯಿತು. ಅನೇಕರು ಬ್ಯಾಂಕಿನ ಹಣ, ಸಾಮಾನು, ಬಾಕಿ ಸಂಬಳ ಎಲ್ಲವನ್ನೂ ಅಲ್ಲೇ ಬಿಟ್ಟು ಬಂದರು.

ಈ ಬಾರಿ ಒಂದು ಹೊಸ ಏರ್ಪಾಡಾಯಿತು. 1991ರ ಏಪ್ರಿಲಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 687ನೇ ನಿರ್ಣಯದ ಮೂಲಕ ನಷ್ಟಕ್ಕೆ ಇರಾಕ್ ಹೊಣೆಯೆಂದು ಘೋಷಿಸಿತು. ಜಿನೀವಾದಲ್ಲಿ ಪರಿಹಾರ ಆಯೋಗ ಸ್ಥಾಪನೆಯಾಗಿ, ಇರಾಕಿನ ತೈಲದ ಆದಾಯದಲ್ಲಿ ಒಂದು ಪಾಲು ಅದಕ್ಕೆ ಸಂದಾಯವಾಗತೊಡಗಿತು. ಕೂಲಿಕಾರನೂ ಅರ್ಜಿ ಹಾಕಬಹುದಿತ್ತು. ದೇಶ ಬಿಟ್ಟು ಓಡಬೇಕಾಗಿ ಬಂದವನಿಗೆ ಹೆಚ್ಚಿನ ಪುರಾವೆ ಕೇಳದೆ 4,000 ಡಾಲರ್‌ವರೆಗೆ, ಕುಟುಂಬಕ್ಕೆ 8,000 ಡಾಲರ್‌ವರೆಗೆ ಪರಿಹಾರ. ದೊರೆಯಿಂದ ದೊರೆಗೆ ಸಲ್ಲುತ್ತಿದ್ದ ಯುದ್ಧಪರಿಹಾರ ಕೆಳಗಿನವನ ಕೈಗೆ ಇಳಿದದ್ದು ಹೀಗೆ. ಆಯೋಗ ಒಟ್ಟು ಸುಮಾರು 5,240 ಕೋಟಿ ಡಾಲರ್ ಹಂಚಿ, ಕೊನೆಯ ಕಂತನ್ನು 2022ರ ಜನವರಿಯಲ್ಲಿ ಪಾವತಿಸಿತು.

ಆದರೆ ಗುತ್ತಿಗೆದಾರನಿಗೆ ಇಲ್ಲಿಯೂ ಒಂದು ಕಂಟಕ ಕಾದಿತ್ತು. 1980ರಿಂದ 1988ರವರೆಗೆ ಇರಾನಿನೊಡನೆ ಯುದ್ಧ ಮಾಡಿ ಬರಿದಾದ ಇರಾಕ್, ತನ್ನ ರಸ್ತೆ, ರೈಲು, ಕಟ್ಟಡಗಳನ್ನು ಕಟ್ಟಿಕೊಟ್ಟ ಭಾರತೀಯ ಕಂಪನಿಗಳಿಗೆ ಹಣ ಕೊಡದೆ ಮುಂದೂಡುತ್ತ ಬಂದಿತ್ತು. ಅವು ಆಯೋಗದ ಮೊರೆ ಹೋದಾಗ ಸಿಕ್ಕ ಉತ್ತರ: 1990ರ ಆಗಸ್ಟ್ 2ಕ್ಕಿಂತ ಮೊದಲು ಹುಟ್ಟಿದ ಸಾಲ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಕಾಮಗಾರಿಯ ವಿಷಯದಲ್ಲಿ ತಜ್ಞರ ಸಮಿತಿ ಗೆರೆಯನ್ನು ಇನ್ನೂ ಮೂರು ತಿಂಗಳು ಹಿಂದಕ್ಕೆ, 1990ರ ಮೇ 2ಕ್ಕೆ, ಎಳೆಯಿತು. ಅದಕ್ಕೆ ಮುಂಚೆ ಮಾಡಿದ ಕೆಲಸದ ಬಾಕಿ ಹಳೆಯ ಸಾಲ. ಅದನ್ನು ಇರಾಕಿನಿಂದಲೇ ವಸೂಲು ಮಾಡಿಕೊಳ್ಳಬೇಕು. ಸದ್ದಾಂ ಹುಸೇನನಿಂದ ಬಾಕಿ ವಸೂಲು ಮಾಡುವುದು ಎಂಥ ಕೆಲಸವೆಂದು ವಿವರಿಸಬೇಕಾಗಿಲ್ಲ. ಹೀಗೆ ಬಾಂಬಿನಿಂದ ಹಾನಿಗೊಂಡವನಿಗೆ ದಾರಿಯಿತ್ತು, ನಿಧಾನವಾಗಿ ಸೋರಿಹೋದವನಿಗೆ ಇರಲಿಲ್ಲ.

ಕೊನೆಗೆ ಆ ಹೊರೆಯ ಒಂದು ಭಾಗ ಬಂದದ್ದು ಭಾರತ ಸರ್ಕಾರದ ಹೆಗಲಿಗೆ. ಇರಾಕಿಗೆ ಯೋಜನೆಗಳನ್ನು ರಫ್ತು ಮಾಡಿ ಬಾಕಿಯಲ್ಲಿ ಸಿಕ್ಕಿಕೊಂಡವರಿಗೆ ಪರಿಹಾರವೆಂದು ಕೇಂದ್ರ ಸರ್ಕಾರ ವಿಶೇಷ ಬಾಂಡುಗಳನ್ನು ಹೊರಡಿಸಿತು. ಯುದ್ಧದ ನಷ್ಟವನ್ನು ಗುತ್ತಿಗೆದಾರನಿಗೆ ಅವನ ಸ್ವಂತ ಸರ್ಕಾರವೇ ತುಂಬಿಕೊಟ್ಟ ಅಪರೂಪದ ಪ್ರಸಂಗ ಇದು. ತೆರಿಗೆದಾರನ ಹಣದಿಂದ ಎಂಬುದನ್ನು ಸೇರಿಸಬೇಕು. 1792ರಲ್ಲಿ ಮೈಸೂರಿನ ರೈತ ತೆತ್ತ, ಈಗ ದೇಶದ ತೆರಿಗೆದಾರ ತೆತ್ತ. ಆದರೂ ಒಂದು ವ್ಯತ್ಯಾಸವುಂಟು: ಈ ಹಣ ಕೆಲಸ ಮಾಡಿದವನಿಗೆ ಸಂದಿತು.

ಕೆಂಗೇರಿಯಲ್ಲೋ ನಾಗರಬಾವಿಯಲ್ಲೋ ಇರುವ ಇಂದಿನ ಒಬ್ಬ ಸಣ್ಣ ಕಂಟ್ರಾಕ್ಟರನ ಕೈಯಲ್ಲಿರುವ ಟೆಂಡರು ಪುಸ್ತಕವನ್ನು ತಿರುವಿದರೆ ಈ ಇನ್ನೂರು ಚಿಲ್ಲರೆ ವರ್ಷಗಳ ಕಥೆಯ ಪಳೆಯುಳಿಕೆಯೊಂದು ಸಿಗುತ್ತದೆ. ಸರ್ಕಾರಿ ಕಾಮಗಾರಿಗಳ ಕರಾರುಗಳಲ್ಲಿ ಸಾಮಾನ್ಯವಾಗಿ ‘ಹೊರತುಪಡಿಸಿದ ಅಪಾಯಗಳು’ ಎಂಬ ಪಟ್ಟಿಯೊಂದಿರುತ್ತದೆ. ಯುದ್ಧ, ಆಕ್ರಮಣ, ಪರಕೀಯ ಶತ್ರುವಿನ ಕೃತ್ಯ, ದಂಗೆ ಇವುಗಳಿಂದ ಆಗುವ ಹಾನಿ ಗುತ್ತಿಗೆದಾರನದಲ್ಲ, ಕೆಲಸ ವಹಿಸಿದ ಸರ್ಕಾರದ್ದು. ಇಷ್ಟನ್ನು ಓದಿ ಸಮಾಧಾನಪಡುವವನು ಅದರ ಜೊತೆಗಿರುವ ಚಿಕ್ಕ ವಾಕ್ಯವನ್ನೂ ಓದಬೇಕು: ಆ ಅಪಾಯಗಳು ಭಾರತದೊಳಗಿನ ಕಾಮಗಾರಿಯನ್ನು ನೇರವಾಗಿ ತಟ್ಟಿದರೆ ಮಾತ್ರ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಎರಡೇ ತಿಂಗಳಲ್ಲಿ ಇಲ್ಲಿನ ಪೇಟೆಯಲ್ಲಿ ಕಬ್ಬಿಣದ ಬೆಲೆ ದಾಖಲೆಯ ಮಟ್ಟಕ್ಕೆ ಏರಿತು. ಹಳೆಯ ದರಕ್ಕೆ ಟೆಂಡರು ಹಿಡಿದವರು ದರ ಹೆಚ್ಚಿಸಿ ಎಂದು ಅರ್ಜಿ ಬರೆಯತೊಡಗಿದರು. ಅವರ ಕರಾರಿನಲ್ಲಿ ಬೆಲೆ ಹೊಂದಾಣಿಕೆಯ ಕಲಮು ಇದ್ದರೆ ಸರಿ. ಇಲ್ಲವಾದರೆ ಕಬ್ಬಿಣ ಅಂಗಡಿಯಲ್ಲಿ ಸಿಗುತ್ತಲೇ ಇತ್ತಲ್ಲ ಎಂದು ಎದುರು ವಕೀಲರು ಕೇಳುತ್ತಾರೆ, ತುಪ್ಪದ ತೀರ್ಪನ್ನು ತೆಗೆದು ಮುಂದಿಡುತ್ತಾರೆ.